ಡುವೆ, ಕಂಫರ್ಟರ್, ಕವರ್: ಓದುಗರ ಪ್ರಶ್ನೆಗೆ ಉತ್ತರ

ಹೊದಿಕೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಹಾಕಿದ್ದಷ್ಟೇ, ಪತ್ರಗಳ ರಾಶಿ ಬಂದ್ಬಿಡ್ತು. ಅರ್ಧಕ್ಕರ್ಧ ಪತ್ರದಲ್ಲಿ ಪ್ರಶ್ನೆಗಿಂತ ಕವರ್‌ಗೆ ಬೈದಿರೋದೇ ಜಾಸ್ತಿ. ಇರ್ಲಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ಡುವೆ ಬೇರೆ ಕಂಫರ್ಟರ್ ಬೇರೆ ಅಂತಾರೆ, ನನ್ ಕಣ್ಣಿಗೆ ಎರಡೂ ಒಂದೇ. ಯಾವುದು ತಗೊಳ್ಲಿ?

ಡುವೆ ಅಂದ್ರೆ ಬೋಳು ಬೋಳಾಗಿ, ಸಾಮಾನ್ಯವಾಗಿ ಬಿಳೀ ಬಣ್ಣದಲ್ಲಿ ಇರೋ ಮೆತ್ತನೆ ಹೊದಿಕೆ, ಅದನ್ನ ಹಾಗೇ ಹೊದಿಯಲ್ಲ, ದಿಂಬಿಗೆ ಹಾಕ್ದಂಗೆ ಕವರ್ ಹಾಕ್ಬೇಕು. (ಇಂಗ್ಲಿಷಲ್ಲಿ ಬರೆಯುವಾಗ ಕೊನೇಲಿ ಟಿ ಇದೆ, ಬಾಯಲ್ಲಿ ಬರಲ್ಲ. ಡುವೆಟ್ ಅಂದ್ರೂ ಎಲ್ರಿಗೂ ಅರ್ಥ ಆಗುತ್ತೆ ಬಿಡಿ.) ಕಂಫರ್ಟರ್‌ಗೆ ಮೇಲಿನ ಬಟ್ಟೆನೇ ಬಣ್ಣದ್ದು, ಡಿಸೈನ್ ಇರೋದು, ಮೇಲಿಂದ ಕೆಳಗಿನ ತನಕ ಹೊಲಿಗೆ ಹಾಕಿರ್ತಾರೆ, ತಂದು ಹಾಗೇ ಹೊದ್ಕೊಂಡು ಮಲಗ್ಬಹುದು.

ನೋಡೋಕೆ ಕಂಫರ್ಟರ್ ಸುಲಭ, ಆದ್ರೆ ಒಗೆಯೋ ದಿನ ಇಡೀ ಹೊದಿಕೆನೇ ಒಗೀಬೇಕು. ಡುವೆದಾದ್ರೆ ವಾರಕ್ಕೋ ಹದಿನೈದು ದಿನಕ್ಕೋ ಒಂದ್ಸಲ ಕವರ್ ಬಿಚ್ಚಿ ಬಟ್ಟೆ ಜೊತೆ ಹಾಕಿದ್ರೆ ಆಯ್ತು, ಒಳಗಿಂದನ್ನ ವರ್ಷಕ್ಕೆ ಒಂದೆರಡು ಸಲ ನೋಡಿದ್ರೆ ಸಾಕು. ಅದಕ್ಕೇ ನಾನು ಕೇಳೋದು ಒಂದೇ, ನಿಮ್ ಮನೆ ವಾಷಿಂಗ್ ಮಷೀನ್ ಎಷ್ಟು ದೊಡ್ಡದು? ಚಿಕ್ಕದಾಗಿದ್ರೆ ಕಣ್ಮುಚ್ಕೊಂಡು ಡುವೆ ತಗೊಳ್ಳಿ.

ಪ್ರಶ್ನೆ: ಬೆಚ್ಚಗಿರುತ್ತೆ ಅಂತ ಇದ್ದಿದ್ರಲ್ಲೇ ಭಾರದ್ದು ತಂದೆ. ಎದೆ ಮೇಲೆ ಕಲ್ಲು ಇಟ್ಟಂಗಿದೆ, ಚಳಿ ಮಾತ್ರ ಹೋಗಿಲ್ಲ. ಲೇಬಲ್ ಮೇಲೆ ಜಿಎಸ್‌ಎಂ, ಟಾಗ್, ಫಿಲ್ ಪವರ್ ಅಂತೆಲ್ಲ ಇರುತ್ತಲ್ಲ, ಅದೇನು?

ಭಾರಕ್ಕೂ ಬೆಚ್ಚಗಿರೋದಕ್ಕೂ ನೇರ ಸಂಬಂಧ ಇಲ್ಲ. ನಮ್ಮನ್ನ ಬೆಚ್ಚಗಿಡೋದು ಒಳಗೆ ಸಿಕ್ಕಾಕ್ಕೊಂಡು ಅಲ್ಲಾಡದೆ ನಿಂತಿರೋ ಗಾಳಿ. ಹತ್ತಿನೋ ಗರಿನೋ ಪಾಲಿಯೆಸ್ಟರೋ, ಅದರ ಕೆಲಸ ಆ ಗಾಳಿನ ಹಿಡ್ಕೊಂಡಿರೋದು ಅಷ್ಟೇ. ಒತ್ತಿ ಒತ್ತಿ ತುಂಬಿದ್ರೆ ಭಾರ ಬರುತ್ತೆ, ಗಾಳಿಗೆ ಜಾಗ ಇರಲ್ಲ.

ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ತುಂಬಿಸಿದಾರೆ ಅನ್ನೋ ಲೆಕ್ಕ. ಎರಡು ಪಾಲಿಯೆಸ್ಟರ್ ಹೊದಿಕೆ ಹೋಲಿಸೋಕೆ ಸರಿ, ಆದ್ರೆ ಪಾಲಿಯೆಸ್ಟರ್ ಜೊತೆ ಡೌನ್ ಹೋಲಿಸೋಕೆ ಹೋದ್ರೆ ಮೋಸ ಹೋಗ್ತೀರ. ಫಿಲ್ ಪವರ್ ಬರೋದು ಡೌನ್‌ಗೆ, ಅಂದ್ರೆ ಬಾತುಕೋಳಿ ಹೆಬ್ಬಾತುಗಳ ಗರಿ ಕೆಳಗಿನ ಮೆತ್ತನೆ ತುಪ್ಪಳಕ್ಕೆ: ಒಂದು ಔನ್ಸ್, ಹೆಚ್ಚುಕಮ್ಮಿ 28 ಗ್ರಾಂ ಡೌನ್ ಎಷ್ಟು ಘನ ಇಂಚು ಉಬ್ಬುತ್ತೆ ಅಂತ. 600 ಚೆನ್ನಾಗೇ ಇರುತ್ತೆ, 800 ಇದ್ರೆ ಅಷ್ಟೇ ಬೆಚ್ಚಗೆ ಇನ್ನೂ ಹಗುರ. ನೇರವಾಗಿ ಶಾಖ ತಡೆಯೋ ಶಕ್ತಿ ಹೇಳೋದು ಟಾಗ್. 4.5 ಬೇಸಿಗೆಗೆ, 13.5 ಒಳ್ಳೇ ಕೊರೆಯೋ ಚಳಿಗೆ. 4.5ದೊಂದು 9ರದೊಂದು ಜೋಡಿ ಮಾಡಿ ಬಟನ್ ಹಾಕಿ ಸೇರಿಸೋ ಥರದ್ದೂ ಬರುತ್ತೆ, ನನಗಂತೂ ಅದು ಜಾಣತನದ ಐಡಿಯಾ ಅನ್ಸುತ್ತೆ.

ಇನ್ನೊಂದು, ಕೊಳ್ಳೋ ಮುಂಚೆ ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿ. ಹೊಲಿಗೆ ಸಾಲಲ್ಲಿ ಬೆಳಕು ಗೆರೆ ಗೆರೆಯಾಗಿ ತೂರಿ ಬರ್ತಿದ್ರೆ ಮೇಲಿನ ಬಟ್ಟೆ ಕೆಳಗಿನ ಬಟ್ಟೆ ನೇರವಾಗಿ ಸೇರಿಸಿ ಹೊಲಿದಿದಾರೆ ಅಂತ, ಆ ಗೆರೆಯಲ್ಲಿ ತುಂಬಿಸಿರೋದು ಏನೂ ಇರಲ್ಲ, ಚಳಿ ಅಲ್ಲಿಂದಲೇ ಇಳಿಯೋದು. ಒಳಗೆ ಪುಟ್ಟ ಗೋಡೆ ಥರ ಬಟ್ಟೆ ಪಟ್ಟಿ ಇಟ್ಟು ಡಬ್ಬಿ ಡಬ್ಬಿ ಮಾಡಿರೋದು, ಬ್ಯಾಫಲ್ ಬಾಕ್ಸ್ ಅಂತಾರೆ, ಅದು ಎಲ್ಲಾ ಕಡೆ ಉಬ್ಬಿರುತ್ತೆ.

ಪ್ರಶ್ನೆ: ಬೆಳಗ್ಗೆ ಎದ್ದು ನೋಡಿದ್ರೆ ಡುವೆ ಎಲ್ಲಾ ಕಾಲ್ ಹತ್ರ ಮುದ್ದೆ ಆಗಿ ಕೂತಿರುತ್ತೆ, ಮೇಲೆ ಬರೀ ಕವರ್. ಮತ್ತೆ ಕವರ್ ಹಾಕೋದು ಅಂದ್ರೆ ಮನೇಲಿ ಯುದ್ಧ.

ನಮ್ಮನೇಲೂ ಇದೇ ಯುದ್ಧ ಬಹಳ ವರ್ಷ ನಡೀತು, ನಾನು ಕವರ್ ಒಳಗೆ ತಲೆ ತೂರಿಸಿ ಮೂಲೆ ಹುಡುಕ್ತಿದ್ರೆ ಮಕ್ಕಳು ದೆವ್ವ ದೆವ್ವ ಅಂತ ಹೊರಗಡೆಯಿಂದ ಗುದ್ದೋರು.

ಮೊದ್ಲು ಅಳತೆ. ಕವರ್ ದೊಡ್ಡದಾದ್ರೆ ಡುವೆ ಒಳಗೆ ಈಜಾಡುತ್ತೆ. ಎರಡೂ ಒಂದೇ ಅಳತೆ ಇರ್ಲಿ, ಡುವೆ ಒಂದಿಂಚು ದೊಡ್ಡದಿದ್ರೂ ಪರ್ವಾಗಿಲ್ಲ, ತುಂಬ್ಕೊಂಡು ಚೆನ್ನಾಗೇ ಕಾಣುತ್ತೆ. ಹತ್ತಿ ಕವರ್ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತೆ ಅನ್ನೋದೂ ನೆನಪಿರ್ಲಿ. ಆಮೇಲೆ ಕವರ್ ಒಳಗಿನ ನಾಲ್ಕೂ ಮೂಲೇಲಿ ಲಾಡಿ ಇದೆಯಾ ನೋಡಿ, ಡುವೆ ಮೂಲೇಲಿ ಅದನ್ನ ಕಟ್ಟೋಕೆ ಕುಣಿಕೆ ಇರ್ಬೇಕು. ಇಲ್ದಿದ್ರೆ ಒಂದು ಗೇಣು ಟೇಪ್ ತಗೊಂಡು ನೀವೇ ಹೊಲೀರಿ, ಅರ್ಧ ಗಂಟೆ ಕೆಲಸ, ಪಿನ್ ಮಾತ್ರ ಚುಚ್ಬೇಡಿ, ಆ ತೂತಿಂದ ಡೌನ್ ಹೊರಗೆ ಬರೋಕೆ ಶುರು ಆಗುತ್ತೆ.

ಹಾಕೋ ರೀತಿ ಹೀಗೆ. ಕವರ್ ಒಳಮೈ ಹೊರಗೆ ಬರೋ ಥರ ತಿರುಗಿಸಿ ಮಂಚದ ಮೇಲೆ ಹಾಸಿ, ಬಾಯಿ ಕಾಲಿನ ಕಡೆ ಇರ್ಲಿ. ಅದರ ಮೇಲೆ ಡುವೆ ಹಾಸಿ, ಮೂಲೆಗೆ ಮೂಲೆ ಕೂಡಿಸಿ ಲಾಡಿ ಕಟ್ಟಿ. ಈಗ ತಲೆ ಕಡೆಯಿಂದ ಎರಡನ್ನೂ ಸೇರಿಸಿ ಚಾಪೆ ಸುತ್ತಿದಂಗೆ ಬಿಗಿಯಾಗಿ ಸುತ್ಕೊಂಡು ಬಾಯಿ ತನಕ ಬನ್ನಿ. ಬಾಯೊಳಗೆ ಕೈ ಹಾಕಿ ಆ ಸುರುಳಿಯ ಎರಡೂ ತುದಿ ಮೇಲೆ ಕವರ್‌ನ ಮಗುಚಿ, ಅಂದ್ರೆ ಕಾಲುಚೀಲ ಮಡಿಸಿಡೋವಾಗ ಒಂದರ ಬಾಯಿ ಇನ್ನೊಂದರ ಮೇಲೆ ಮಗುಚ್ತೀವಲ್ಲ ಹಾಗೆ. ಬಟನ್ ಹಾಕಿ. ಈಗ ಸುರುಳಿನ ತಲೆ ಕಡೆಗೆ ಬಿಚ್ಕೊಂಡು ಹೋಗಿ, ಎಲ್ಲಾ ತಾನಾಗೇ ಒಳಗೆ ಹೋಗಿರುತ್ತೆ! ಮೊದಲನೇ ಸಲ ಎಡವಟ್ಟಾಗುತ್ತೆ, ಎರಡನೇ ಸಲಕ್ಕೆ ಕೈ ಕೂರುತ್ತೆ.

ಪ್ರಶ್ನೆ: ಕವರ್‌ಗೆ ಥ್ರೆಡ್ ಕೌಂಟ್ 1000 ಇದ್ರೆ ಒಳ್ಳೇದಾ?

ಬೇಡ. ಥ್ರೆಡ್ ಕೌಂಟ್ ಅಂದ್ರೆ ಒಂದು ಚದರ ಇಂಚು ಬಟ್ಟೇಲಿ ಉದ್ದಕ್ಕೂ ಅಡ್ಡಕ್ಕೂ ಸೇರಿ ಎಷ್ಟು ನೂಲಿದೆ ಅನ್ನೋ ಲೆಕ್ಕ. 200ರಿಂದ 400ರ ಒಳಗೆ ಒಳ್ಳೇ ಹತ್ತಿ ಸಿಕ್ರೆ ಸಾಕು, ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಎಷ್ಟೋ ಸಲ ಒಂದೇ ನೂಲಿನ ಎಳೆಗಳನ್ನ ಬಿಡಿಬಿಡಿಯಾಗಿ ಎಣಿಸಿ ನಂಬರ್ ಏರಿಸಿರ್ತಾರೆ. ಸೆಕೆ ಆಗೋರಿಗೆ ಪರ್ಕೇಲ್ ನೇಯ್ಗೆ, ಗರಿಗರಿ ಅಂತಿರುತ್ತೆ. ನುಣುಪಾಗಿ ಸ್ವಲ್ಪ ಬೆಚ್ಚಗೆ ಬೇಕು ಅನ್ನೋರಿಗೆ ಸ್ಯಾಟೀನ್.

ಪ್ರಶ್ನೆ: ಮಷೀನಿಗೆ ಹಾಕಿ ಒಗೆದೆ, ಒಳಗೆಲ್ಲ ಉಂಡೆ ಕಟ್ಟಿದೆ, ಮುಗ್ಗಲು ವಾಸನೆ ಬೇರೆ. ಎಸೆದುಬಿಡ್ಲಾ?

ತಡೀರಿ, ಎಸೀಬೇಡಿ. ಇದೇ ತಪ್ಪು ನಾನೂ ಮಾಡಿದೀನಿ. ದೊಡ್ಡ ಕಂಫರ್ಟರ್‌ನ ಚಿಕ್ಕ ಡ್ರಮ್ಮಿಗೆ ಕಾಲಲ್ಲಿ ಒತ್ತಿ ಒತ್ತಿ ತುರುಕಿ ಒಗೆದು, ಹಗ್ಗದ ಮೇಲೆ ಹಾಕಿದ್ದೆ, ಸಂಜೆ ಮುಟ್ಟಿ ನೋಡಿದ್ರೆ ಒಣಗಿತ್ತು, ಮಡಚಿ ಒಳಗಿಟ್ಟೆ. ನಾಲ್ಕು ದಿನ ಬಿಟ್ಟು ಬೀರು ತೆಗೆದ್ರೆ ಆ ವಾಸನೆ ಮುಖಕ್ಕೇ ಹೊಡೀತು, ಒಳಗಡೆ ನಿಂಬೆಹಣ್ಣಿನಷ್ಟು ದಪ್ಪ ದಪ್ಪ ಉಂಡೆ, ಹಿಂಡಿದ್ರೆ ಇನ್ನೂ ತಣ್ಣಗೆ. ಮೇಲಿನ ಬಟ್ಟೆ ಬೇಗ ಒಣಗಿ ನಮ್ಮನ್ನ ಯಾಮಾರಿಸುತ್ತೆ, ವಿಷಯ ಇಷ್ಟೇ.

ಮತ್ತೆ ಒಗೀರಿ, ಆದ್ರೆ ದೊಡ್ಡ ಮಷೀನಲ್ಲಿ. ಡ್ರಮ್ಮಲ್ಲಿ ಹಾಕಿದ ಮೇಲೂ ಕೈ ಆಡಿಸೋಷ್ಟು ಜಾಗ ಇರ್ಬೇಕು. ಸೋಪು ಎಂದಿನದರ ಅರ್ಧ, ಸಾಫ್ಟ್‌ನರ್ ಬೇಡ್ವೇ ಬೇಡ, ಅದು ಡೌನಿಗೆ ಅಂಟ್ಕೊಂಡು ಉಬ್ಬೋಕೇ ಬಿಡಲ್ಲ. ಎರಡು ಸಲ ಜಾಲಿಸಿ, ಇನ್ನೊಂದ್ಸಲ ಸ್ಪಿನ್ ಮಾಡಿ. ಡ್ರೈಯರ್ ಇದ್ರೆ ಕಡಿಮೆ ಶಾಖದಲ್ಲಿ ಎರಡು ಮೂರು ಟೆನಿಸ್ ಬಾಲ್ ಜೊತೆ ಹಾಕಿ, ಬಾಲ್‌ಗಳು ಬಡಿದು ಬಡಿದು ಉಂಡೆ ಒಡೀತಾವೆ, ಆದ್ರೂ ಅರ್ಧ ಗಂಟೆಗೊಮ್ಮೆ ತೆಗೆದು ಕೈಯಲ್ಲಿ ಬಿಡಿಸ್ಬೇಕು, ಡೌನ್ ಆದ್ರೆ ಗಂಟೆಗಟ್ಲೆ ಹಿಡಿಯುತ್ತೆ. ಡ್ರೈಯರ್ ಇಲ್ಲಾಂದ್ರೆ ಹಗ್ಗಕ್ಕೆ ನೇತಾಕ್ಬೇಡಿ, ನೀರೆಲ್ಲ ಕೆಳಗಿಳಿದು ತುಂಬಿದ್ದೂ ಜೊತೇಲೇ ಇಳಿಯುತ್ತೆ. ಅಡ್ಡಕ್ಕೆ ಹರಡಿ ಮಗುಚಿ ಹಾಕ್ತಾ ಇರಿ, ಮೇಲೆ ಒಣಗಿದೆ ಅನ್ಸಿದ ಮೇಲೂ ಒಂದು ದಿನ ಬಿಡಿ.

ಉಣ್ಣೆ, ರೇಷ್ಮೆ ತುಂಬಿರೋದಾದ್ರೆ ಈ ಸಾಹಸ ಮಾಡೋ ಮುಂಚೆ ಲೇಬಲ್ ಓದಿ. ಬಹಳಷ್ಟಕ್ಕೆ ಗಾಳಿಗೆ ಹಾಕೋದೇ ಸಾಕು.

ಪ್ರಶ್ನೆ: ಮಗನಿಗೆ ಧೂಳಿನ ಅಲರ್ಜಿ, ಡಸ್ಟ್ ಮೈಟ್ ಅಂದ್ರು ಡಾಕ್ಟರ್.

ಆ ಹುಳಕ್ಕೆ ಬೇಕಾಗಿರೋದು ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ಮತ್ತೆ ತೇವ. ಕವರ್‌ನ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ, ಆ ಬಿಸೀಲಿ ಅವು ಸಾಯ್ತಾವೆ. ಒಳಗಿನ ಡುವೆನೂ 60 ಡಿಗ್ರಿ ತಡ್ಕೊಳ್ಳೋ ಪಾಲಿಯೆಸ್ಟರ್ ಇದ್ರೆ ಅನುಕೂಲ. ಎದ್ದ ತಕ್ಷಣ ಹಾಸಿಗೆ ನೀಟಾಗಿ ಮುಚ್ಬೇಡಿ, ಡುವೆನ ಹಿಂದಕ್ಕೆ ಎಳೆದು ಒಂದರ್ಧ ಗಂಟೆ ಬಿಡಿ, ಬೆವರಿನ ತೇವ ಆರ್ಲಿ. (ಸೋಮಾರಿಗಳಿಗೆ ಒಳ್ಳೇ ನೆಪ, ನಾನೂ ಬಳಸ್ತೀನಿ.)

ಪ್ರಶ್ನೆ: ವ್ಯಾಕ್ಯೂಮ್ ಬ್ಯಾಗಲ್ಲಿ ಗಾಳಿ ತೆಗೆದು ಇಡಬಹುದಾ?

ಪಾಲಿಯೆಸ್ಟರ್ ಆದ್ರೆ ಒಂದೆರಡು ತಿಂಗಳು ಓಕೆ. ಡೌನ್‌ನ ಬಹಳ ದಿನ ಹಾಗೆ ಒತ್ತಿಟ್ರೆ ಮತ್ತೆ ಮೊದಲಿನ ಹಾಗೆ ಉಬ್ಬಲ್ಲ, ಹಳೇ ಹತ್ತಿ ಕವರಲ್ಲಿ ಸಡಿಲವಾಗಿ ಮಡಚಿಡಿ.

ಪ್ರಶ್ನೆ: ನನಗೆ ಚಳಿ, ಯಜಮಾನ್ರಿಗೆ ಸೆಕೆ. ರಾತ್ರಿಯಿಡೀ ಒಂದೇ ಡುವೆ ಎಳೆದಾಟ.

ಎರಡು ಸಿಂಗಲ್ ತಗೊಳ್ಳಿ, ನಿಮಗೆ ದಪ್ಪದ್ದು ಅವರಿಗೆ ತೆಳುವಾದ್ದು. ಕವರ್ ಎರಡಕ್ಕೂ ಒಂದೇ ಬಣ್ಣದ್ದು ಹಾಕಿದ್ರೆ ಹಗಲಲ್ಲಿ ನೋಡೋರಿಗೆ ಗೊತ್ತೂ ಆಗಲ್ಲ. ಒಂದೇ ಒಂದು, ನಿಮ್ಮದರ ಮೂಲೇಲಿ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿಡಿ, ಇಲ್ಲಾಂದ್ರೆ ನಡುರಾತ್ರಿ ತೆಳುವಾದ್ದು ನಿಮ್ಮ ಪಾಲಿಗೇ ಬರೋದು.