ನೀವು ಕೇಳಿದಿರಿ: 814ಕ್ಕೆ 366 ಕೂಡಿದರೆ 380?

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಈಗ ಚುನಾವಣೆ ಬಂತೆಂದರೆ ಮೊಬೈಲ್ ಇದ್ದವರೆಲ್ಲ ವರದಿಗಾರರೇ. ಜನಸಾಮಾನ್ಯರ ಇಂಥ ವರದಿಯಿಂದ ಎಲ್ಲಾದರೂ ಪ್ರಯೋಜನ ಆಗಿದೆಯಾ, ಇಲ್ಲಾ ಎಲ್ಲ ಸುಮ್ನೆ ಗದ್ದಲವಾ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಗದ್ದಲವೇ ಜಾಸ್ತಿ ಕಣಮ್ಮಾ, ಸುಳ್ಳು ಯಾಕೆ ಹೇಳಲಿ. ಆದರೆ ಇಂಡೊನೇಷ್ಯಾದ 2014ರ ಕಥೆ ಕೇಳು. ಅಲ್ಲಿ ಸುಹಾರ್ತೊ 32 ವರ್ಷ ಆಳಿ 1998ರಲ್ಲಿ ಕುರ್ಚಿ ಬಿಟ್ಟರು. ಜನ ಅಧ್ಯಕ್ಷರನ್ನು ನೇರವಾಗಿ ಆರಿಸಲು ಶುರು ಮಾಡಿದ್ದು 2004ರಲ್ಲಿ. 2014ರ ಜುಲೈ 9ಕ್ಕೆ ಅಂಥ ಮೂರನೇ ಚುನಾವಣೆ. ಒಂದು ಕಡೆ ಜೋಕೊ ವಿಡೊಡೊ, ಇನ್ನೊಂದು ಕಡೆ ಮಾಜಿ ಸೇನಾಧಿಕಾರಿ ಪ್ರಬೋವೊ ಸುಬಿಯಾಂತೊ. ಅವತ್ತೇ ಇಬ್ಬರೂ "ಗೆದ್ದವನು ನಾನೇ" ಅಂದುಬಿಟ್ಟರು! ಟಿವಿ ನೋಡಿ ತಿಳಿಯೋಣ ಅಂದರೆ, ಎರಡು ದೊಡ್ಡ ಸುದ್ದಿ ವಾಹಿನಿಗಳ ಮಾಲೀಕರೂ ಒಂದೊಂದು ಪಕ್ಷದ ಅಧ್ಯಕ್ಷರು, ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ. ಚಾನೆಲ್ ಬದಲಿಸಿದರೆ ಗೆದ್ದವರೂ ಬದಲಾಗುತ್ತಿದ್ದರು. ಅಧಿಕೃತ ಫಲಿತಾಂಶಕ್ಕೆ ಇನ್ನೂ ಸುಮಾರು ಎರಡು ವಾರ ಇತ್ತು.

ಅಲ್ಲಿ ಎಣಿಕೆ ನಡೆಯುವ ರೀತಿ ನನಗೆ ತುಂಬಾ ಇಷ್ಟ. ಮತ ಹಾಕುವುದು ಮೊಳೆಯಿಂದ ಚೀಟಿಗೆ ತೂತು ಮಾಡಿ. ಮಧ್ಯಾಹ್ನ ಒಂದಕ್ಕೆ ಮತದಾನ ಮುಗಿಯುತ್ತದೆ, ಎಣಿಕೆ ಅದೇ ಬೂತಿನಲ್ಲಿ, ಊರವರ ಕಣ್ಣೆದುರೇ. ಸಿಬ್ಬಂದಿ ಒಂದೊಂದೇ ಚೀಟಿ ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತಾರೆ. ತೂತು ಸರಿ ಇದ್ದರೆ "ಸಾಹ್!" ಅಂತ ಕೂಗು, ಅಂದರೆ ಮತ ಸಿಂಧು. ಇನ್ನೊಬ್ಬರು ಗೋಡೆಗೋ ಹಲಗೆಗೋ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಗೀಟು ಎಳೆಯುತ್ತಾರೆ, ಐದೈದರ ಕಟ್ಟು. ಕೊನೆಗೆ ಮೊತ್ತವನ್ನು ಒಂದು ನಮೂನೆಗೆ ಇಳಿಸಿ ಸಹಿ ಹಾಕುತ್ತಾರೆ, ಆಗ ಅದಕ್ಕೆ ಸಿ1 ಅನ್ನುತ್ತಿದ್ದರು.

ಆ ಸಲ ಚುನಾವಣಾ ಆಯೋಗ ಈ ಸಿ1ಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿತು. ಸುಮಾರು 4.78 ಲಕ್ಷ ಬೂತು! ಆದರೆ ಹಾಕಿದ್ದು ಬರೀ ಚಿತ್ರ, ಕೂಡಿದ ಲೆಕ್ಕವಲ್ಲ. ಸಿಂಗಪುರದಲ್ಲಿದ್ದ ಇಂಡೊನೇಷ್ಯಾದ ಐಟಿ ಉದ್ಯೋಗಿ ಐನುನ್ ನಜೀಬ್ ಮತ್ತು ಗೆಳೆಯರು, ಕೂಡುವ ಕೆಲಸ ನಾವೇ ಮಾಡೋಣ ಅಂತ ಹೊರಟರು. ಫೇಸ್‌ಬುಕ್‌ನ ಮುಚ್ಚಿದ ಗುಂಪಿನಲ್ಲಿ, ನಂಬಿಕಸ್ತರು ತಮ್ಮ ನಂಬಿಕಸ್ತರನ್ನು ಕರೆಯುತ್ತ ಕರೆಯುತ್ತ ಸುಮಾರು 700 ಜನ ಆದರು. ಹಾಳೆ ನೋಡು, ಅಂಕಿ ಟೈಪ್ ಮಾಡು, ಮುಂದಿನ ಹಾಳೆ. ಇಷ್ಟೇ ಕೆಲಸ. ಗುಂಪಿನ ಹೆಸರು 'ಕವಲ್ ಪೆಮಿಲು', ಚುನಾವಣೆಗೆ ಕಾವಲು ಅಂತ ಅರ್ಥ. ಈ 'ಕವಲ್' ತಮಿಳಿನಿಂದ ಹಡಗು ಹತ್ತಿ ಹೋದ ಮಾತಂತೆ, ಹಾಗಾಗಿ ನಮ್ಮ 'ಕಾವಲು' ಅದಕ್ಕೆ ದಾಯಾದಿ. ಜುಲೈ 22ಕ್ಕೆ ಆಯೋಗ ಜೋಕೊ ವಿಡೊಡೊಗೆ ಶೇ. 53.15 ಅಂತ ಘೋಷಿಸಿತು. ಗುಂಪಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಪ್ರಶ್ನೆ: ಹೀಗೆ ಸ್ವಯಂಸೇವಕರು ಅಂತ ಬರುವವರಿಗೂ ಒಂದು ಪಕ್ಷ ಇರುತ್ತದೆ ಅಲ್ವಾ? ಅವರ ಲೆಕ್ಕ ಯಾಕೆ ನಂಬಬೇಕು?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ನಂಬಬೇಕಾಗಿಲ್ಲ ಸಾರ್. ಅಂಕಿ ಇದ್ದಲ್ಲೇ ಸಿ1ರ ಚಿತ್ರವೂ ಸಿಗುತ್ತಿತ್ತು, ಅನುಮಾನ ಬಂದವರು ತಾವೇ ನೋಡಬಹುದಿತ್ತು. ನೀವು ಮೇಷ್ಟ್ರು, ಇದು ನಿಮಗೆ ಹಿಡಿಸುತ್ತದೆ. ಜಕಾರ್ತಾ ಪಕ್ಕದ ಟಾಂಗೆರಾಂಗ್‌ನ ಒಂದು ಹಾಳೆ ಆಗ ಎಲ್ಲ ಕಡೆ ಓಡಾಡಿತು. ಪ್ರಬೋವೊಗೆ 814, ಜೋಕೊಗೆ 366, ಒಟ್ಟು ಸಿಂಧು ಮತ 380! ಆ ಸಲ ಒಂದು ಬೂತಿಗೆ ಇದ್ದದ್ದೇ ಹೆಚ್ಚೆಂದರೆ 800 ಮತದಾರರು. 366ಕ್ಕೆ 14 ಕೂಡಿ ನೋಡಿ, 380 ಸರಿಹೋಗುತ್ತದೆ. 14ರ ಎಡಕ್ಕಿದ್ದ 8 ಮೋಸವೋ, ನೂರರ ಖಾಲಿ ಮನೆಗೆ ಗೀಚಿದ ಗೀಟೋ, ಅದು ಬೇರೆ ಮಾತು. ಇಂಥ ಒಂದು ಹಾಳೆ ಸಿಕ್ಕಿತು ಅಂತ ಇಡೀ ಚುನಾವಣೆಯೇ ಮೋಸ ಅಂದವರೂ ಇದ್ದರು, ಅದೂ ತಪ್ಪೇ. ಸೋತವರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು, ಆಗಸ್ಟ್ 21ಕ್ಕೆ ಅರ್ಜಿ ಬಿದ್ದುಹೋಯಿತು.

ಪ್ರಶ್ನೆ: ಈಗ ಹಾಳೆಯನ್ನು ಯಂತ್ರವೇ ಓದುತ್ತದೆ. ಜನ ಕೂತು ಟೈಪ್ ಮಾಡುವ ಕಾಲ ಮುಗಿಯಿತಲ್ಲ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಇಂಡೊನೇಷ್ಯಾದ ಆಯೋಗವೂ ಹಾಗೇ ಅಂದುಕೊಂಡಿತ್ತು. 2024ರ ಫೆಬ್ರುವರಿ ಚುನಾವಣೆಯಲ್ಲಿ 'ಸಿರೆಕಾಪ್' ಅನ್ನುವ ಆ್ಯಪ್ ತಂದರು. ಬೂತಿನ ಹಾಳೆಯ ಫೋಟೊ ತೆಗೆದರೆ ಕೈಬರಹದ ಅಂಕಿ ತಾನೇ ಓದಿಕೊಳ್ಳುತ್ತದೆ. ಓದಿತು, ತಪ್ಪು ತಪ್ಪಾಗಿ. ಕೆಲವು ಬೂತುಗಳಲ್ಲಿ ಮತದಾರರ ಸಂಖ್ಯೆಗಿಂತ ಮತವೇ ಜಾಸ್ತಿ! ಆ್ಯಪಿನ ಅಂಕಿಯನ್ನೂ ಹಾಳೆಯ ಫೋಟೊವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದು ಮತ್ತೆ ಜನರೇ. ತಪ್ಪಾಗಿದೆ ಅಂತ ಆಯೋಗ ಒಪ್ಪಿಕೊಳ್ಳಬೇಕಾಯಿತು. ಆ ಸಲ ಗೆದ್ದವರು ಯಾರು ಗೊತ್ತಾ? ಅದೇ ಪ್ರಬೋವೊ, ಶೇ. 58ಕ್ಕೂ ಹೆಚ್ಚು ಮತ ತಗೊಂಡು.

ಪ್ರಶ್ನೆ: ನಮ್ಮ ಬೂತಿನ ಲೆಕ್ಕ ನಮಗೆ ಸಿಗುತ್ತಾ?
– ಓದುಗರು, ಸಿಂಧನೂರು

ಉತ್ತರ: ಸಿಗುತ್ತದೆ, ಸ್ವಲ್ಪ ಸುತ್ತು ಬಳಸಿ. ನಮ್ಮಲ್ಲಿ ಬೂತಿನಲ್ಲೇ ಎಣಿಸುವುದಿಲ್ಲ, ಯಂತ್ರ ಎಣಿಕೆ ಕೇಂದ್ರಕ್ಕೆ ಹೋಗುತ್ತದೆ. ಆದರೆ ಮತದಾನ ಮುಗಿದಾಗ ಎಷ್ಟು ಮತ ಬಿತ್ತು ಅನ್ನುವ ಲೆಕ್ಕ ನಮೂನೆ 17ಸಿಯಲ್ಲಿ ಬರೆದು, ಅದರ ಪ್ರತಿಯನ್ನು ಅಲ್ಲಿರುವ ಅಭ್ಯರ್ಥಿಗಳ ಏಜೆಂಟರಿಗೆ ಕೊಡಬೇಕು. ಯಾರಿಗೆ ಎಷ್ಟು ಅನ್ನುವುದು ಫಲಿತಾಂಶದ ನಂತರ ನಮೂನೆ 20ರಲ್ಲಿ ಬೂತುವಾರು ಬರುತ್ತದೆ. ನಿಮ್ಮ ಬೀದಿಯ ಏಜೆಂಟ್ ಪರಿಚಯದವರಾದರೆ 17ಸಿ ಪ್ರತಿಯ ಫೋಟೊ ಕೇಳಿ ಇಟ್ಟುಕೊಳ್ಳಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಜೆಂಟರೇ ಆ ಕಾಗದ ತಗೊಳ್ಳದೆ ಊಟಕ್ಕೆ ಎದ್ದುಹೋಗಿದ್ದರೆ ಅದನ್ನೂ ಬರೆದು ಕಳಿಸಿ, ಪ್ರಕಟಿಸುತ್ತೇವೆ.