ಮಳೆಗಾಲದಲ್ಲಿ ಮೌಂಟನ್ ಬೈಕ್ ಓಡಿಸಲು ಮಂಜು ಕಟ್ಟದ ಗಾಗಲ್ ಯಾವುದು? ಇರುವುದು ಶಿವಮೊಗ್ಗದಲ್ಲಿ, ಬಜೆಟ್ 5,000 ರೂಪಾಯಿ.

ಮಲೆನಾಡಿನ ಮಳೆಯಲ್ಲಿ ಮಂಜು ಕಟ್ಟದ ಗಾಗಲ್ ಅಂತ ಒಂದಿಲ್ಲ. ನಾನೂ ಇದನ್ನೇ ಸಿಕ್ಕಸಿಕ್ಕವರಿಗೆಲ್ಲ ಕೇಳಿ, ನಿಮ್ಮ ಬಜೆಟ್ಟಿಗಿಂತ ಹೆಚ್ಚೇ ಸುರಿದು ಒಂದನ್ನು ತರಿಸಿದ್ದೆ. ಒಳ್ಳೇ ಮಾಲೇ ಅದು. ಹಾಳು ಮಾಡಿದವನು ನಾನು, ಆಗುಂಬೆ ಹತ್ತಿರದ ಕುಂದಾದ್ರಿ ಬೆಟ್ಟದ ಮೇಲೆ ನಿಂತು, ಹತ್ತು ಸೆಕೆಂಡಿನಲ್ಲಿ.

ಜುಲೈ ತಿಂಗಳು. ಗುಡ್ಡೇಕೇರಿ ಕಡೆಯಿಂದ ಹತ್ತುವಾಗ ಜಿಟಿಜಿಟಿ ಮಳೆ. ಗೇರ್ ಪೂರ್ತಿ ಇಳಿಸಿದರೂ ಆ ಏರಿನಲ್ಲಿ ಸೈಕಲ್ ಹೋಗುವುದು ನಡಿಗೆಯ ವೇಗದಲ್ಲೇ. ಗಾಳಿ ಆಡುವುದಿಲ್ಲ, ಉಸಿರು ಬೆವರು ಎಲ್ಲ ಗಾಗಲ್ ಒಳಗೇ. ಬಚ್ಚಲಲ್ಲಿ ಹಂಡೆ ಮುಚ್ಚಳ ತೆಗೆದಾಗ ಕನ್ನಡಕದ ಗತಿ ಏನಾಗುತ್ತದೆ ಗೊತ್ತಲ್ಲ, ಹಾಗೆ. ಹಣೆಗೆ ಏರಿಸಿಕೊಂಡೆ. ಬಿಸಿ ಹಣೆಯ ಬೆವರೆಲ್ಲ ಆವಿಯಾಗಿ ನೇರ ಅದರೊಳಗೇ ಹೋಯಿತು. ಬಸದಿಯ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಒಳಗೆಲ್ಲ ಹನಿ.

ಜೊತೆಗಿದ್ದ ದೊಡ್ಡಪ್ಪನ ಮಗ, "ಒರೆಸ್ಕಳೋ ಮಾರಾಯ, ಹೊರಡಾಣ, ಮಳೆ ಜೋರಾಗ್ತದೆ" ಅಂದ. ಒದ್ದೆ ಜೆರ್ಸಿಯ ಅಂಚು ಹಿಡಿದು, ಹೆಬ್ಬೆರಳು ಒತ್ತಿ, ಒಳಗಡೆ ಚೆನ್ನಾಗಿ ತಿಕ್ಕಿದೆ.

ಈ ಒರೆಸಿದ್ದೇ ನನ್ನ ಕಥೆ. ಆ್ಯಂಟಿಫಾಗ್ ಅಂತ ನಾವು ದುಡ್ಡು ಕೊಡುವುದು ಗಾಜಿಗಲ್ಲ, ಗಾಜಿಗೆ ಒಳಗಡೆ ಬಳಿದ ತೆಳು ಲೇಪಕ್ಕೆ. (ಗಾಜೂ ಅಲ್ಲ, ಪ್ಲಾಸ್ಟಿಕ್ಕು.) ಆ ಲೇಪಕ್ಕೆ ನೀರು ಕಂಡರೆ ಪ್ರೀತಿ. ಬಂದ ಹಬೆಯನ್ನು ಹನಿಯಾಗಲು ಬಿಡದೆ ಹೀರಿಕೊಂಡು, ತೆಳ್ಳಗೆ ಹರಡಿಬಿಡುತ್ತದೆ. ಹನಿಯಾದರೆ ಬೆಳಕು ಚೆದುರಿ ಕಣ್ಣಿಗೆ ಮಸುಕು. ಪೊರೆಯಾಗಿ ಹರಡಿದರೆ ಆಚೆ ಕಾಣುತ್ತದೆ. ಆದರೆ ನೀರು ಹೀರಿದ ಹೊತ್ತಿನಲ್ಲೇ ಅದು ಮೆತ್ತಗಾಗಿರುತ್ತದೆ, ಆರಿದ ಹಾಲಿನ ಕೆನೆಯ ಹಾಗೆ. ಆಗ ತಿಕ್ಕಿದರೆ ಎದ್ದು ಬರುತ್ತದೆ. ನನ್ನ ಜೆರ್ಸಿಯಲ್ಲಿ ಕೆಮ್ಮಣ್ಣಿನ ಕೆಸರು ಬೇರೆ, ಅದು ಉಪ್ಪುಕಾಗದದ ಕೆಲಸ ಮಾಡಿತು. ಎರಡು ಪದರದ ಲೆನ್ಸ್ ಅದು, ಮಧ್ಯೆ ಗಾಳಿ ಇರುವುದರಿಂದ ಹೊರಗಿನ ಪದರ ಮಳೆಗೆ ತಣ್ಣಗಾದರೂ ಒಳಗಿನದು ಬೆಚ್ಚಗಿರಬೇಕು, ಮಂಜು ಕಟ್ಟುವುದು ತಡವಾಗಬೇಕು. ಎಲ್ಲ ಸರಿ. ಒರೆಸಿದ ಮೇಲೆ ಅದೂ ನನ್ನನ್ನು ಉಳಿಸಲಿಲ್ಲ.

ಒರೆಸಿದಾಗ ಫಳಫಳ ಕಂಡಿತು, ಅದಕ್ಕೇ ಮೋಸ ಹೋದದ್ದು. ಇಳಿಜಾರಿನ ಎರಡನೇ ತಿರುವಿಗೆ ಬಲಗಣ್ಣಿನ ಮುಂದೆ ಹೆಬ್ಬೆರಳಿನ ಅಗಲದ ಬಿಳಿ ಮಚ್ಚೆ. ಸುತ್ತ ಸ್ವಚ್ಛ, ತಿಕ್ಕಿದ ಜಾಗ ಮಾತ್ರ ಬಿಳಿ. ರಸ್ತೆಯಂಚಿನ ಜರಿಗಿಡದ ಹಸಿರನ್ನು ಪಾಚಿ ಕಟ್ಟಿದ ರಸ್ತೆ ಅಂದುಕೊಂಡೆ. ಜರಿಯ ಅಡಿಯಲ್ಲಿ ಚರಂಡಿ. ಮುಂದಿನ ಚಕ್ರ ಇಳಿಯಿತು, ನಾನು ಹಾರಿದೆ. ಎಡಗಡೆ ಕಾಲರ್ ಬೋನ್ ಮುರಿಯಿತು, ಆರು ವಾರ ಕೈ ಜೋಳಿಗೆಯಲ್ಲಿ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಕಾಲ. ಆ ಔಷಧಿ, ಬೋರ್ಡೊ ದ್ರಾವಣ, ಕದಡುತ್ತಾ ಅಪ್ಪ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಫುಲ್ ಫೇಸ್ ಹೆಲ್ಮೆಟ್ ಹಾಕಿ ಬರೀ ಇಳಿಜಾರು ಇಳಿಯುವವರಲ್ಲದಿದ್ದರೆ ನಿಮಗೆ ಗಾಗಲ್ಲೇ ಬೇಡ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಗಾಳಿಯಲ್ಲೇ ನೀರು ತುಂಬಿರುತ್ತದೆ. ಮುಖಕ್ಕೆ ಸ್ಪಂಜು ಒತ್ತಿಕೊಂಡು ಕೂರುವ ಗಾಗಲ್ಲಿನೊಳಗೆ ಒಣ ಗಾಳಿ ಎಲ್ಲಿಂದ ಬರಬೇಕು? ಮೇಲೆ ಕೆಳಗೆ ಸಂದಿ ಇರುವ, ಬಣ್ಣವಿಲ್ಲದ ದೊಡ್ಡ ಲೆನ್ಸಿನ ಕನ್ನಡಕ ಸಾಕು. ಕಪ್ಪು ಲೆನ್ಸ್ ತೆಗೆದುಕೊಂಡರೆ ಕಾನಿನೊಳಗೆ ಮಧ್ಯಾಹ್ನವೇ ಮುಸ್ಸಂಜೆ.

ಗಾಗಲ್ಲೇ ಬೇಕು ಅನ್ನುವುದಾದರೆ ಎರಡು ಪದರದ್ದು, ಬಿಡಿ ಲೆನ್ಸ್ ಸಿಗುವಂಥದ್ದು ನೋಡಿ. ನಿಮ್ಮ ಹೆಲ್ಮೆಟ್ ಹಾಕಿಕೊಂಡೇ ಪರೀಕ್ಷಿಸಿ, ಹೆಲ್ಮೆಟ್ಟಿನ ಅಂಚು ಗಾಗಲ್ಲಿನ ಮೇಲಿನ ತೂತುಗಳನ್ನು ಮುಚ್ಚಿದರೆ ಎಷ್ಟೇ ದುಬಾರಿಯದಾದರೂ ದಂಡ. ಹತ್ತುವಾಗ ಹಣೆಗೆ ಏರಿಸಬೇಡಿ, ಕಳಚಿ ಒಣ ಚೀಲಕ್ಕೆ ಹಾಕಿ. ಒಳಗೆ ನೀರು ಕಂಡರೆ ಕೊಡವಿ, ಗಾಳಿಗೆ ಹಿಡಿಯಿರಿ, ಬೇಕಾದರೆ ಒಣಗಿದ ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ತಿಕ್ಕಬೇಡಿ. ಮಕ್ಕಳ ಶಾಂಪೂವನ್ನು ನೀರಲ್ಲಿ ಬೆರೆಸಿ ಸವರುವ ಉಪಾಯ ನಡೆಯುತ್ತದೆ, ಆದರೆ ಲೇಪ ಹೋದ ಹಳೆ ಲೆನ್ಸಿಗೆ ಮಾತ್ರ ಮಾಡಿ. ಹೊಸದರ ಮೇಲೆ ಪ್ರಯೋಗ ಬೇಡ.

ಕನ್ನಡಕ ಕೊಂಡು ಉಳಿದ ದುಡ್ಡಲ್ಲಿ ಬ್ರೇಕ್ ಪ್ಯಾಡ್ ಬದಲಿಸಿ, ನಮ್ಮ ಕೆಸರು ಅದನ್ನು ತಿನ್ನುವಷ್ಟು ಬೇಗ ಬೇರೇನನ್ನೂ ತಿನ್ನುವುದಿಲ್ಲ. ನನ್ನ ಆ ಗಾಗಲ್ ಈಗಲೂ ಇದೆ. ಕಳೆ ಹೊಡೆಯುವ ಮಿಷನ್ ಹಿಡಿದಾಗ ಅಪ್ಪ ಹಾಕಿಕೊಳ್ಳುತ್ತಾರೆ. ಮಂಜು ಕಟ್ಟಿದರೆ ಮಿಷನ್ ಆಫ್ ಮಾಡಿ, ಪಂಚೆ ತುದಿಯಲ್ಲಿ ಚೆನ್ನಾಗಿ ತಿಕ್ಕಿ ಒರೆಸುತ್ತಾರೆ.