ಒಂದು ಹುತ್ತರಿ ಊಟದಲ್ಲಿ ವಾಸಿಯಾಗುವ ಕಾಯಿಲೆಯಲ್ಲ

ನಮಸ್ಕಾರ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಸಂಚಿಕೆಗೆ ನೀವು ಕಳಿಸಿದ, ತೆಳ್ಳಗಾಗುವ ಹಟದಲ್ಲಿ ಊಟ ಬಿಟ್ಟ ಕಾಲೇಜು ಹುಡುಗಿ ಕಾವೇರಿಯ ಕಥೆ ಓದಿದೆ. ಅದರಲ್ಲಿ ವಿರಾಜಪೇಟೆಯ ಮಳೆಯ ವರ್ಣನೆ ಚೆನ್ನಾಗಿ ಬಂದಿದೆ. ದಪ್ಪಗಾಗುವ ಭಯದಲ್ಲಿ ಊಟವನ್ನೇ ಬಿಡಿಸುವ ಮಾನಸಿಕ ಕಾಯಿಲೆ ಅನೊರೆಕ್ಸಿಯಾ ಬಗ್ಗೆ ಬರೆದಿದ್ದಕ್ಕೂ ಸಂತೋಷ. ಆದರೆ ಹೀಗೇ ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು.

"ಕಾವೇರಿ ಬಳ್ಳಿಯಂತೆ ಬಳುಕುತ್ತಿದ್ದಳು, ಬೆಳದಿಂಗಳಂತೆ ಬೆಳ್ಳಗಾಗಿದ್ದಳು." ತಿಂಗಳುಗಟ್ಟಲೆ ಸರಿಯಾಗಿ ಉಣ್ಣದ ಹುಡುಗಿ ಎಲ್ಲಿ ಬಳುಕುತ್ತಾಳೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಬಿಸಿಲಲ್ಲೂ ಸ್ವೆಟರ್ ಹಾಕುತ್ತಾಳೆ. ತಲೆಗೂದಲು ಉದುರುತ್ತದೆ, ಬೆನ್ನಿನ ಮೇಲೆ ನವಿರು ಕೂದಲು ಹುಟ್ಟುತ್ತದೆ. ಮುಟ್ಟು ನಿಲ್ಲುತ್ತದೆ, ನಾಡಿ ನಿಧಾನವಾಗುತ್ತದೆ. ಇದೆಲ್ಲ ಬಿಟ್ಟು ಬಳ್ಳಿ, ಬೆಳದಿಂಗಳು ಅಂದರೆ, ಊಟ ಬಿಟ್ಟು ಕೂತಿರುವ ಇನ್ನೊಬ್ಬ ಹುಡುಗಿ ಅದನ್ನು ಹೊಗಳಿಕೆ ಅಂತಲೇ ಓದುತ್ತಾಳೆ, ಅಲ್ವಾ?

ಮಡಿಕೇರಿಯಲ್ಲಿ ನಾನು ಕೆಲಸ ಕಲಿಯುವಾಗ ಒಬ್ಬ ಹಿರಿಯರಿದ್ದರು. ಇಂಥ ಸಾಲು ಕಂಡರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಕೈ ಎಲ್ಲಿ?" ಅಂತ ಬರೆಯುತ್ತಿದ್ದರು. ಕಾಫಿ ಕುಯ್ಯುವ ಹೆಂಗಸರ ಬಗ್ಗೆ ಬರೆದರೆ, ಮೊದಲು ತೋಟಕ್ಕೆ ಹೋಗಿ ಅವರ ಕೈ ನೋಡಿ ಬಾ ಅನ್ನುತ್ತಿದ್ದರು. ಕೆಂಜಿರುವೆ ಕಚ್ಚಿ ಊದಿದ ಬೆರಳು ನೋಡಿದ ಮೇಲೆ ವರ್ಣನೆ ಬರೆಯಲು ಮನಸ್ಸೇ ಬರುತ್ತಿರಲಿಲ್ಲ. ಕಾವೇರಿಯ ಕೈ ನೀವು ಎಲ್ಲೂ ತೋರಿಸಿಲ್ಲ. ಅದು ತಣ್ಣಗಿರುತ್ತದೆ, ಉಗುರು ನೀಲಿ. ತಿಂದ ಹಾಗೆ ಕಾಣಲಿ ಅಂತ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಿರುತ್ತದೆ.

ಇನ್ನು ಕೊನೆ. "ಹುತ್ತರಿಯ ದಿನ ಅವ್ವ ತಟ್ಟೆ ತುಂಬಾ ತಂಬಿಟ್ಟು, ಪಾಯಸ ಬಡಿಸಿ ತಿನ್ನಿಸಿದಳು. ವಾರದಲ್ಲಿ ಕಾವೇರಿ ಮೊದಲಿನಂತಾದಳು." ಇದನ್ನು ನಂಬಿ ಯಾರೋ ತಾಯಿ ಹೀಗೇ ಮಾಡಿದರೆ? ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಊಟ ಹೋದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಅದಕ್ಕೇ ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾ, ನೋಡಿಕೊಂಡು ಊಟ ಏರಿಸುತ್ತಾರೆ.

ವಾರದ ಮಾತಂತೂ ಬೇಡವೇ ಬೇಡ. ಅಮೆರಿಕದ ಬಾಸ್ಟನ್‌ನಲ್ಲಿ ರೋಗಿಗಳನ್ನು ದಶಕಗಳ ಕಾಲ ಗಮನಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಅನೊರೆಕ್ಸಿಯಾ ಇದ್ದವರ ಪೈಕಿ, ಗಮನಿಸಲು ಶುರುಮಾಡಿ 9 ವರ್ಷದ ಹೊತ್ತಿಗೆ ಚೇತರಿಸಿಕೊಂಡವರು ಶೇ. 31ರಷ್ಟು, 22 ವರ್ಷದ ಹೊತ್ತಿಗೆ ಶೇ. 63ರಷ್ಟು. ತಡವಾದರೂ ಬಹಳ ಜನ ಗುಣವಾಗುತ್ತಾರೆ, ಈ ಭರವಸೆ ಕಥೆಯಲ್ಲಿರಲಿ. ಆದರೆ ಹರೆಯದಲ್ಲಿ ಸವೆದ ಮೂಳೆ, ತೂಕ ಮರಳಿದ ಮೇಲೂ ಪೂರ್ತಿ ಗಟ್ಟಿಯಾಗದೆ ಇರಬಹುದು. ಹೃದಯದ ತೊಂದರೆಯಿಂದಲೋ ಆತ್ಮಹತ್ಯೆಯಿಂದಲೋ ಜೀವ ಕಳೆದುಕೊಂಡವರೂ ಇದ್ದಾರೆ.

ಅವ್ವ ಮಗಳನ್ನು ಕರೆದುಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ ಹತ್ತಲಿ. ಒಂದಲ್ಲ, ನಾಲ್ಕಾರು ಹುತ್ತರಿ ಕಳೆಯಲಿ. ಈ ಎರಡು ಜಾಗ ತಿದ್ದಿ ಕಳಿಸಿ. ಹುತ್ತರಿ ಸಂಚಿಕೆಗೆ ಇನ್ನೂ ಸಮಯವಿದೆ.